ಮೋಟಾರಿಗೂ ಒಂದು ಕಲಾಯಿ

ಕ್ಯಾಸನೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಈ ಊರಿನ ಸುತ್ತಣ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರೂ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣುಗಿನಿಂದ ಹರಡುವ ಹೊಸ ವೈರಸ್ಸೊಂದನ್ನು ಕಂಡುಹಿಡಿದರು. ಅಂದಿನಿಂದ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿಬಿಟ್ಟಿತು. ಯಾವ ಊರೂ ಬೇಡುವಂಥ ಕೀರ್ತಿಯಲ್ಲ ಅದು. ಆ ಕಡೆಯ ನೆಂಟಸ್ತಿಕೆಯುಳ್ಳ ನನ್ನಂಥವನಿಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದರೆ ಬೇರೆಯೇ ಒಂದು ಚಿತ್ರ ಕಣ್ಣೆದುರು ನಿಲ್ಲುತ್ತದೆ: ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ, ಸೋಗೆ ಹೊದಿಸಿದ ಮಾಡಿನ ಕೆಳಗೆ, ಬಣ್ಣಗೆಟ್ಟು ನಿಂತ ಒಂದು ಕರಿಯ ಅಂಬಾಸಿಡರ್ ಕಾರು.

ಅದು ನನ್ನ ದೊಡ್ಡಪ್ಪನವರದು. ಶಿವಮೊಗ್ಗದಲ್ಲಿ ಯಾರೋ ಉಪಯೋಗಿಸಿ ಬಿಟ್ಟಿದ್ದನ್ನು ಕೊಂಡು ತಂದದ್ದು. ಮಳೆಗಾಲದ ನಾಲ್ಕು ತಿಂಗಳು ಜಡಿಮಳೆ, ಆಮೇಲೆ ಮಂಜು, ಬೇಸಿಗೆಗೆ ಕೆಂಪು ಧೂಳು, ಮೇಲೆ ಹಲಸಿನ ಮರದಿಂದ ಸುರಿಯುವ ಅಂಟು ಮತ್ತು ಹಕ್ಕಿಗಳ ಪ್ರಸಾದ. ಇಷ್ಟನ್ನೂ ಹತ್ತಾರು ವರ್ಷ ಸಹಿಸಿದ ಆ ಕಾರಿನ ಕಪ್ಪು, ಕಪ್ಪಾಗಿ ಉಳಿದಿರಲಿಲ್ಲ. ಒಲೆಯ ಬೂದಿಯನ್ನು ಕಲಸಿ ಬಳಿದಂತೆ ಮಂಕಾಗಿದ್ದಿತು. ಬೆರಳಿನಿಂದ ಒರಸಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು.

1980ರ ದಶಕದ ಒಂದು ಬೇಸಿಗೆ ರಜೆಯಲ್ಲಿ, ಕಾಲೇಜು ಹುಡುಗನಾಗಿದ್ದ ನಾನು ಆ ಕಾರಿಗೆ ಮರಳಿ ಯೌವನ ತರುವೆನೆಂದು ಹೊರಟೆ. ಪೇಟೆಯಿಂದ ರಬ್ಬಿಂಗ್ ಕಾಂಪೌಂಡಿನ ಡಬ್ಬಿಯೊಂದನ್ನು ತಂದದ್ದಾಯಿತು. ಹಳೆಯ ಬನಿಯನ್ನು ಹರಿದು ಉಂಡೆ ಮಾಡಿ, ಬಾನೆಟ್ಟಿನ ಮೇಲೆ ತಿಕ್ಕತೊಡಗಿದೆ. ಹತ್ತು ನಿಮಿಷದಲ್ಲಿ ಅಂಗೈಯಗಲದ ಜಾಗ ಕನ್ನಡಿಯಾಯಿತು. ಅದರಲ್ಲಿ ಮಾಡಿನ ಸೋಗೆ ಕಂಡಿತು, ನನ್ನ ಮುಖ ಕಂಡಿತು. ಮನುಷ್ಯನಿಗೆ ತನ್ನ ಮುಖ ಕಾಣಿಸಿತೆಂದರೆ ಮತ್ತೆ ಕೈ ನಿಲ್ಲುವುದುಂಟೆ? ಹೆಚ್ಚು ತಿಕ್ಕಿದಷ್ಟೂ ಹೆಚ್ಚು ಹೊಳಪು ಎಂಬ ಸರಳ ತರ್ಕವನ್ನು ನಂಬಿ, ಮಧ್ಯಾಹ್ನದವರೆಗೆ ತಿಕ್ಕಿದೆ. ಬಾನೆಟ್ಟಿನ ಏಣು ಬಂದಲ್ಲಿ ಬಟ್ಟೆ ಇನ್ನಷ್ಟು ಬಲವಾಗಿ ಒತ್ತಿತೆಂದು ಕಾಣುತ್ತದೆ. ತಟಕ್ಕನೆ ಕಪ್ಪಿನ ನಡುವೆ ಇಟ್ಟಿಗೆ ಬಣ್ಣದ ಒಂದು ಗೆರೆ ಮೂಡಿತು. ಕೊಳೆಯೆಂದು ಇನ್ನೂ ತಿಕ್ಕಿದೆ. ಗೆರೆ ಅಗಲವಾಯಿತು. ಅದು ಕೊಳೆಯಲ್ಲ, ಬಣ್ಣದ ತಳದಲ್ಲಿದ್ದ ಪ್ರೈಮರು. ನಾನು ಹೊಳಪು ತರುತ್ತ ತರುತ್ತ ಬಣ್ಣವನ್ನೇ ತೆಗೆದುಹಾಕಿದ್ದೆ.

ಅಡಿಕೆ ಹರವುತ್ತಿದ್ದ ದೊಡ್ಡಮ್ಮ ಬಂದು ನೋಡಿದರು. “ಎಂಥ ಮಾರಾಯ, ಅದೇನು ಹಿತ್ತಾಳೆ ತಂಬಿಗೆಯಾ ಹಾಗೆ ತಿಕ್ಕಲಿಕ್ಕೆ? ಕಲಾಯಿ ಹಾಕಿದ ಪಾತ್ರೆಗೆ ಮರಳು ಹಾಕಿ ತಿಕ್ಕಿದರೆ ಕಲಾಯಿ ಹೋಗದೆ ಏನಾಗ್ತದೆ?” ಎಂದರು.

ಅಂದು ನಾಚಿಕೆಯಲ್ಲಿ ಕೇಳಿ ಮರೆತ ಆ ಮಾತು, ಮುಂದೆ ಮೋಟಾರಿನ ಬಣ್ಣದ ಚರಿತ್ರೆಯನ್ನು ಓದುವಾಗಲೆಲ್ಲ ನೆನಪಾಗುತ್ತ ಬಂದಿದೆ. ಆ ಚರಿತ್ರೆಯ ತಿರುಳನ್ನು ಅದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ನಮ್ಮ ಭಾಷೆಯಲ್ಲೇ ಒಂದು ಸ್ವಾರಸ್ಯವಿದೆ. ದೀಪವೂ ಬೆಳಗುತ್ತದೆ, ಪಾತ್ರೆಯನ್ನೂ ಬೆಳಗುತ್ತೇವೆ. ತಿಕ್ಕುವುದಕ್ಕೂ ಹೊಳೆಯುವುದಕ್ಕೂ ಒಂದೇ ಮಾತು. ಹೊಳಪೆಂಬುದು ಹೊರಗಿನಿಂದ ತಂದು ಹಚ್ಚುವ ವಸ್ತುವಲ್ಲ, ಮೇಲಿನ ಕಿಲುಬನ್ನು ತೆಗೆದಾಗ ಒಳಗಿನಿಂದ ತಾನೇ ಬರುವುದು ಎಂಬ ತಿಳಿವಳಿಕೆ ಆ ಮಾತಿನಲ್ಲಿದೆ. ಅದಕ್ಕೆ ಸಾಕ್ಷಿ ಬೇಕಾದರೆ ಕ್ಯಾಸನೂರಿನ ಸೀಮೆಯಲ್ಲೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ ಗುಡಿಯನ್ನೋ, ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಕ್ರಿ.ಶ. 1100ರ ಸುಮಾರಿಗೆ ಕಟ್ಟಿದ ಕೈಟಭೇಶ್ವರ ಗುಡಿಯನ್ನೋ ಹೊಕ್ಕು ನೋಡಿ. ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದು ನಯಮಾಡಿದ ಕಂಬಗಳು, ಒಂಬೈನೂರು ವರ್ಷಗಳ ಮೇಲೂ ಬಾಗಿಲ ಬೆಳಕನ್ನು ಮೈಯಲ್ಲಿ ಹಿಡಿದು ನಿಂತಿವೆ. ಅವಕ್ಕೆ ಯಾರೂ ಮೆರುಗೆಣ್ಣೆ ಬಳಿದಿಲ್ಲ. ಕಲ್ಲಿನ ಒರಟನ್ನು ಒಂದೊಂದೇ ಪದರವಾಗಿ ತೆಗೆಯುತ್ತ ಹೋದರು. ಉಳಿದ ಕಲ್ಲೇ ಹೊಳೆಯಿತು. ಸೊರಬ, ಸಾಗರಗಳ ಗುಡಿಗಾರರು ಗಂಧದ ಮರದಲ್ಲಿ ಮಾಡುವ ಕುಸುರಿಗೂ ನಯ ಬರುವುದು ಹೀಗೆಯೇ, ಉಜ್ಜುವುದರಿಂದ. ಮರಳು ಕಾಗದ ಅಂಗಡಿಗೆ ಬರುವ ಮೊದಲು, ಗರಗತ್ತಿಯ ಒರಟು ಎಲೆಯಿಂದ ಮರವನ್ನು ಉಜ್ಜುವುದು ನಾಡಿನಲ್ಲಿ ವಾಡಿಕೆಯಾಗಿದ್ದಿತು.

ಇದು ಸ್ವಂತ ಹೊಳಪು. ಎಷ್ಟು ಬೆಳಗಿದರೂ ಕಂಬ ಕಂಬವೇ, ತಂಬಿಗೆ ತಂಬಿಗೆಯೇ. ಆದರೆ ಇನ್ನೊಂದು ಜಾತಿಯ ಹೊಳಪಿದೆ, ಅದು ಹೊದೆದ ಹೊಳಪು. ಚನ್ನಪಟ್ಟಣದ ಬೊಂಬೆಯನ್ನು ನೋಡಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಒಣಗಿದ ಎಲೆಯನ್ನು ಹಿಡಿದು ಅದನ್ನು ಸಮನಾಗಿ ಹರಡಿ ಮೆರುಗು ಬರಿಸುತ್ತಾರೆ. ಹೊಳೆಯುವುದು ಮರವಲ್ಲ, ಮರ ಹೊದ್ದ ಅರಗು. ಕಲಾಯಿಯ ಪಾತ್ರೆಯೂ ಹಾಗೆಯೇ. ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರವನ್ನು ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರಸಿದರೆ ಒಳಮೈ ಬೆಳ್ಳಿಯಾಗುತ್ತಿತ್ತು. ಆ ತೆಳುವಾದ ತವರ ಇರುವವರೆಗೆ ಹುಳಿಯನ್ನು ಕುದಿಸಬಹುದು. ಅದು ಸವೆಯಿತೋ, ಹುಳಿಗೆ ಕಿಲುಬು ಇಳಿಯುತ್ತದೆ. ಆದ್ದರಿಂದಲೇ ಮನೆಯ ಹೆಂಗಸರು ಹಿತ್ತಾಳೆಯ ಹೊರಮೈಗೆ ಹುಣಿಸೆಹಣ್ಣು, ಬೂದಿ ಎಲ್ಲ ಹಾಕಿ ತಿಕ್ಕಿದರೂ, ಕಲಾಯಿಯ ಒಳಮೈಯನ್ನು ಮೆತ್ತಗೆ ತೊಳೆದು ಬಿಡುತ್ತಿದ್ದರು. ಮೊದಲಿನದನ್ನು ಬೆಳಗಬಹುದು, ಎರಡನೆಯದನ್ನು ಕಾಪಾಡಬೇಕು. ಈ ಭೇದವನ್ನು ಅರಿಯದೆ ನಾನು ಬಾನೆಟ್ಟನ್ನು ತಂಬಿಗೆಯೆಂದು ಭಾವಿಸಿದೆ.

ಮೋಟಾರು ಹುಟ್ಟಿದಾಗ ಅದು ಹೊದ್ದದ್ದು ಸಾರೋಟಿನ ಬಟ್ಟೆಯನ್ನೇ. ಕುದುರೆಗಾಡಿಗೆ ಬಳಿಯುತ್ತಿದ್ದ ಎಣ್ಣೆಯ ಬಣ್ಣ ಮತ್ತು ವಾರ್ನಿಷುಗಳನ್ನೇ ಮೊದಮೊದಲಿನ ಕಾರುಗಳಿಗೂ ಕುಂಚದಿಂದ ಬಳಿಯುತ್ತಿದ್ದರು. ಒಂದು ಪದರ ಬಳಿಯುವುದು, ಅದು ಒಣಗಲು ಕಾಯುವುದು, ಉಜ್ಜಿ ಸಮಮಾಡಿ ಮತ್ತೊಂದು ಪದರ ಬಳಿಯುವುದು. ಹೀಗೆ ಒಂದು ಕಾರು ಬಣ್ಣ ತಳೆದು ಹೊರಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಯಂತ್ರಗಳು ಕೆಲವೇ ಗಂಟೆಗಳಲ್ಲಿ ಕಾರನ್ನು ಜೋಡಿಸುವ ಕಾಲ ಬಂದರೂ ಬಣ್ಣ ಮಾತ್ರ ಎತ್ತಿನ ಗಾಡಿಯ ವೇಗದಲ್ಲೇ ಒಣಗುತ್ತಿತ್ತು. ಅಮೆರಿಕದ ಫೋರ್ಡ್ ಕಂಪನಿಯು ತನ್ನ ಹೆಸರಾಂತ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲಿಯೇ ಮಾರಿತು. ಡಾಂಬರಿನ ಜಾತಿಯ ದ್ರವ್ಯ ಬೆರೆತ ಕಪ್ಪು ವಾರ್ನಿಷು ಅಗ್ಗವಾಗಿಯೂ ಗಟ್ಟಿಯಾಗಿಯೂ ಇದ್ದು, ಒಲೆಯ ಕಾವಿನಲ್ಲಿ ಒಣಗಿಸಲು ಒಗ್ಗುತ್ತಿದ್ದಿತು.

ಈ ತೊಡಕನ್ನು ಬಿಡಿಸಿದ್ದು ಯುದ್ಧ ಎಂದರೆ ಆಶ್ಚರ್ಯವಾದೀತು. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ನೈಟ್ರೋಸೆಲ್ಯುಲೋಸ್ ಎಂಬ ದ್ರವ್ಯ ಬರುತ್ತದೆ. ಹೊಗೆಯಿಲ್ಲದ ಸಿಡಿಮದ್ದಿಗೆ ಅದೇ ಆಧಾರ. 1914–18ರ ಮಹಾಯುದ್ಧದಲ್ಲಿ ಅದನ್ನು ರಾಶಿ ರಾಶಿ ತಯಾರಿಸಿದ್ದ ಅಮೆರಿಕದ ಡ್ಯೂಪಾಂಟ್ ಕಂಪನಿ, ಯುದ್ಧ ಮುಗಿದ ಮೇಲೆ ಅದಕ್ಕೆ ಬೇರೆ ಉಪಯೋಗಗಳನ್ನು ಹುಡುಕಿತು. ಹಾಗೆ ಹುಟ್ಟಿದ್ದು ‘ಡ್ಯೂಕೋ’ ಎಂಬ ಬಣ್ಣ. 1923ರಲ್ಲಿ ಜನರಲ್ ಮೋಟಾರ್ಸಿನ ಓಕ್‌ಲೆಂಡ್ ಕಾರುಗಳ ಮೇಲೆ ಅದು ನೀಲಿಯಾಗಿ ಕಾಣಿಸಿಕೊಂಡಿತು. ಕುಂಚ ಹೋಗಿ ಪಿಚಕಾರಿ ಬಂತು, ವಾರಗಳು ಗಂಟೆಗಳಾದವು, ಕಪ್ಪು ಹೋಗಿ ಬಣ್ಣಬಣ್ಣದ ಕಾರುಗಳು ಬಂದವು. ಮದ್ದುಗುಂಡಿನ ಹತ್ತಿ ಮದುವೆಯ ದಿಬ್ಬಣದ ಕಾರಿಗೆ ಮೆರುಗಾಯಿತು. ಆ ಹೆಸರು ನಮ್ಮಲ್ಲಿ ಎಷ್ಟು ಬೇರೂರಿತೆಂದರೆ, ಬಾಗಿಲಿಗೋ ಕಪಾಟಿಗೋ ಪಿಚಕಾರಿಯಿಂದ ಹೊಡೆಯುವ ಬಣ್ಣಕ್ಕೆ ನಮ್ಮ ಬಡಗಿಗಳು ಇಂದಿಗೂ ‘ಡ್ಯೂಕೋ’ ಎನ್ನುವುದುಂಟು.

ನಮ್ಮ ನಾಡೂ ಬಣ್ಣದ ಉದ್ಯಮದಲ್ಲಿ ಹಿಂದೆ ಬಿದ್ದಿರಲಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಆರಂಭವಾಯಿತು. ಕಾಡಿನಲ್ಲಿ ಪುಟ್ಟ ಕೀಟವೊಂದು ಮರದ ಕೊಂಬೆಯ ಮೇಲೆ ಸ್ರವಿಸುವ ಅರಗನ್ನು ಸಂಸ್ಕರಿಸಿ ಮುದ್ರೆಯರಗು, ಬಣ್ಣ, ವಾರ್ನಿಷುಗಳನ್ನು ಮಾಡುವುದು ಅದರ ಕೆಲಸ. 1989ರಲ್ಲಿ ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಎಂದು ಹೆಸರು ಬದಲಾಯಿತು. 1962ರ ಸಾರ್ವತ್ರಿಕ ಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇದೇ ಕಾರ್ಖಾನೆಯದೆಂಬುದನ್ನು ಓದುಗರು ಬಲ್ಲರು. ಮೆರುಗು ಬೇಕಾದಲ್ಲಿ ಬಣ್ಣ ಮಾಸುತ್ತದೆ, ಮಾಸಲಿ ಎಂದು ನಾವು ಎಷ್ಟು ತಿಕ್ಕಿದರೂ ಶಾಯಿ ಮಾಸುವುದಿಲ್ಲ. ಎರಡನ್ನೂ ಒಂದೇ ಸೂರಿನಡಿ ಮಾಡಿದವರು ನಾವು!

ಬಣ್ಣ ಮಾಸುವುದೇಕೆ? ಬಣ್ಣವೆಂದರೆ ಎರಡು ವಸ್ತುಗಳ ಕೂಟ. ಒಂದು ಬಣ್ಣದ ಪುಡಿ. ಇನ್ನೊಂದು ಆ ಪುಡಿಯನ್ನು ಹಿಡಿದು ಕೂರಿಸುವ ರಾಳ. ಬಿಸಿಲಿನ ನೇರಳಾತೀತ ಕಿರಣ, ಗಾಳಿಯ ಆಮ್ಲಜನಕ, ನೀರು ಇವು ಮೂರೂ ಸೇರಿ ಮೇಲುಮೇಲಿನ ರಾಳವನ್ನು ಮುರಿಯುತ್ತವೆ. ಹಿಡಿತ ತಪ್ಪಿದ ಪುಡಿ ಸುಣ್ಣದ ಗೋಡೆಯ ಪುಡಿಯಂತೆ ಸಡಿಲವಾಗುತ್ತದೆ. ನಮ್ಮ ದೊಡ್ಡಪ್ಪನವರ ಕಾರು ಬೆರಳಿಗೆ ಹಚ್ಚುತ್ತಿದ್ದುದು ಇದನ್ನೇ. ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಒರಟಾದ ಮೈ ದಿಕ್ಕುದಿಕ್ಕಿಗೆ ಚೆಲ್ಲುತ್ತದೆ. ಮಂಕೆಂದರೆ ಹೀಗೆ ಚೆಲ್ಲಿಹೋದ ಬೆಳಕು. ಕಾಂಪೌಂಡಿನಲ್ಲಿರುವ ನುಣ್ಣನೆಯ ಗರಸು ಆ ಸತ್ತ ಪದರವನ್ನು ಕೆತ್ತಿಹಾಕಿ, ಕೆಳಗಿನ ಜೀವಂತ ಬಣ್ಣವನ್ನು ಬಯಲಿಗೆ ತರುತ್ತದೆ. ಬಳ್ಳಿಗಾವಿಯ ಕಂಬದ ವಿದ್ಯೆಯೇ ಇದು. ಭೇದವಿರುವುದು ದಪ್ಪದಲ್ಲಿ, ಕಂಬಕ್ಕೆ ಮೊಳಗಟ್ಟಲೆ ಕಲ್ಲಿದೆ, ಕಾರಿಗೆ ಕೂದಲೆಳೆಯಷ್ಟು ಬಣ್ಣ.

ಆದರೂ ಆ ಕಾಲದ ಬಣ್ಣಕ್ಕೆ ಒಂದು ಔದಾರ್ಯವಿದ್ದಿತು. 1950ರ ದಶಕದ ಕೊನೆಯಿಂದ ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸಿನಿಂದ ಬರತೊಡಗಿದ ಅಂಬಾಸಿಡರಿಗಾಗಲಿ, ಅದರ ಜೊತೆಗಾರ ಫಿಯೆಟ್ಟಿಗಾಗಲಿ, ಮೇಲಿನಿಂದ ತಳದವರೆಗೆ ಒಂದೇ ಬಣ್ಣ. ಮೇಲಿನದು ಸತ್ತರೆ ತೆಗೆದುಹಾಕಿ, ಕೆಳಗೆ ಅದೇ ಬಣ್ಣ ಇದೆ. ಅದರಲ್ಲೂ ಸೆಲ್ಯುಲೋಸ್ ಬಣ್ಣಕ್ಕೆ ಇನ್ನೊಂದು ಗುಣ: ಅದು ಒಣಗುವುದು ಬರಿಯ ಥಿನ್ನರು ಆರುವುದರಿಂದ. ಆದ್ದರಿಂದ ಮತ್ತೆ ಥಿನ್ನರು ತಾಕಿದರೆ ಮೆತ್ತಗಾಗಿ, ಹೊಸ ಬಣ್ಣದೊಡನೆ ಬೆಸೆದುಕೊಳ್ಳುತ್ತದೆ. ರಸ್ತೆಬದಿಯ ಪೇಂಟರು ಪಟ್ಟಿ ಮೆತ್ತಿ, ವಾಟರ್ ಪೇಪರಿನಿಂದ ಉಜ್ಜಿ, ಪಿಚಕಾರಿ ಹೊಡೆದು, ಗಾಯದ ಗುರುತೇ ಸಿಗದಂತೆ ಮಾಡುತ್ತಿದ್ದುದು ಈ ಗುಣದಿಂದ. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಯಜಮಾನರು ಪಂಚೆ ಮೇಲೆ ಕಟ್ಟಿ ಕಾರಿಗೆ ಪಾಲಿಷು ಹಾಕುವ ದೃಶ್ಯ, ಬಸವನಗುಡಿಯಲ್ಲಾಗಲಿ ಮೈಸೂರಿನ ಅಗ್ರಹಾರಗಳಲ್ಲಾಗಲಿ, ಒಂದು ಕಾಲಕ್ಕೆ ಅಪರೂಪವಲ್ಲ. ಕಾರು ಕೊಳ್ಳಲು ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಬಂದ ಕಾರನ್ನು ಮಗಳಂತೆ ನೋಡಿಕೊಳ್ಳುತ್ತಿದ್ದರು.

1980ರ ದಶಕದಿಂದ ಜಗತ್ತಿನ ಕಾರ್ಖಾನೆಗಳಲ್ಲಿ ಪದ್ಧತಿ ಬದಲಾಯಿತು. ಮುಂದೆ ನಮ್ಮಲ್ಲಿಯೂ ಅದೇ ರೂಢಿಗೆ ಬಂದಿತು. ಈಗ ತಗಡಿನ ಮೇಲೆ ಪ್ರೈಮರು, ಅದರ ಮೇಲೆ ಬಣ್ಣದ ತೆಳು ಪದರ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ಗಾಜಿನಂಥ ಒಂದು ಹೊದಿಕೆ. ಇದಕ್ಕೆ ‘ಕ್ಲಿಯರ್ ಕೋಟ್’ ಎನ್ನುತ್ತಾರೆ. ಹೊಳೆಯುವುದು ಅದೇ, ಬಿಸಿಲನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಒಮ್ಮೆ ಕಾಂಪೌಂಡು ಹಾಕಿ ತಿಕ್ಕಿದರೆ ಕೆಲವು ಮೈಕ್ರಾನ್ ಹೋಗುತ್ತದೆ. ಕೂದಲಿಗಿಂತ ತೆಳುವಾದ ಗಂಟಿನಿಂದ ಎಷ್ಟು ಸಲ ಖರ್ಚು ಮಾಡಬಹುದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ದೊಡ್ಡಮ್ಮನ ಮಾತು ಆ ಅಂಬಾಸಿಡರಿಗೆ ಎಷ್ಟು ಒಪ್ಪುತ್ತಿತ್ತೋ, ಈಗಿನ ಕಾರಿಗೆ ಅದಕ್ಕೂ ಹೆಚ್ಚಾಗಿ ಒಪ್ಪುತ್ತದೆ. ಇದು ಅಪ್ಪಟ ಕಲಾಯಿ.

ಹಾಗಾದರೆ ಮನೆಯಲ್ಲಿ ಏನೂ ಮಾಡಬಾರದೆ? ಮಾಡಬಹುದು, ಮೊದಲು ರೋಗವೇನೆಂದು ತಿಳಿಯಬೇಕು. ಚೆನ್ನಾಗಿ ತೊಳೆದ ಕಾರಿನ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಗೆ ಸ್ವಲ್ಪ ಪಾಲಿಷು ಹಾಕಿ ಉಜ್ಜಿ ನೋಡಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಹಳೆಯ ಒಂದೇ ಪದರದ ಬಣ್ಣ. ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ. ಗೀರಿನ ಮೇಲೆ ಉಗುರನ್ನು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಷಿಗೆ ಹೋಗುವ ಗೀರು. ಸಿಕ್ಕಿಕೊಂಡರೆ ಅದು ಆಳದ್ದು, ತಿಕ್ಕಿ ತೆಗೆಯುವ ಆಸೆಯನ್ನು ಬಿಡಬೇಕು. ಅಂಥದ್ದಕ್ಕೆ ಅದೇ ಬಣ್ಣವನ್ನು ಸಣ್ಣ ಕುಂಚದಿಂದಲೋ ಬೆಂಕಿಕಡ್ಡಿಯ ತುದಿಯಿಂದಲೋ ಮುಟ್ಟಿಸಿ, ತುಕ್ಕು ಬಾರದಂತೆ ನೋಡಿಕೊಂಡರೆ ಸಾಕು. ಮೇಲಿನ ಹೊದಿಕೆ ಮೀನಿನ ಪೊರೆಯಂತೆ ಏಳುತ್ತಿದ್ದರೆ ಯಾವ ಪಾಲಿಷೂ ಅದನ್ನು ಮತ್ತೆ ಅಂಟಿಸಲಾರದು. ಅದಕ್ಕೆ ಹೊಸ ಬಣ್ಣವೇ ಗತಿ.

ಬರಿಯ ಮಂಕಾಗಿದ್ದರೆ ಕೆಲಸ ನೆರಳಿನಲ್ಲಿ ಆಗಬೇಕು, ತಗಡು ತಣ್ಣಗಿರಬೇಕು. ಧೂಳು ಕುಳಿತ ಮೈಯನ್ನು ಒಣಬಟ್ಟೆಯಿಂದ ಒರಸುವುದೆಂದರೆ ಮರಳು ಕಾಗದದಿಂದ ಒರಸಿದಂತೆ. ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಹಕ್ಕಿಯ ಹಿಕ್ಕೆ ಒಣಗಿದ್ದರೆ ಕೆರೆಯದೆ, ಒದ್ದೆ ಬಟ್ಟೆಯನ್ನು ಮೇಲೆ ಹಾಸಿ ನೆನೆಯಬಿಡಬೇಕು. ಆಮೇಲೆ ಎಲ್ಲಕ್ಕಿಂತ ನಯವಾದ ಪಾಲಿಷಿನಿಂದ ಮೊದಲು ಮಾಡಿ, ಅದರಿಂದಾಗದಿದ್ದರೆ ಮಾತ್ರ ಒರಟಿನ ಕಡೆಗೆ ಹೋಗುವುದು. ನಾನು ಮಾಡಿದ್ದು ಇದಕ್ಕೆ ವಿರುದ್ಧ. ಏಣುಗಳ ಮೇಲೆ ಬಣ್ಣ ಯಾವಾಗಲೂ ತೆಳು. ಅಲ್ಲಿಗೆ ಕಾಗದದ ಟೇಪು ಅಂಟಿಸಿ ಬಿಡುವುದು ಜಾಣತನ. ಕೊನೆಗೆ ಮೇಣ. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣ ಇದಕ್ಕೆ ಹೆಸರುವಾಸಿ. ಮೇಣ ಏನನ್ನೂ ಕೆತ್ತುವುದಿಲ್ಲ. ಮೇಲೆ ಕುಳಿತು ಕಾಯುತ್ತದೆ. ಪಾಲಿಷು ಖರ್ಚು, ಮೇಣ ಉಳಿತಾಯ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಮೇಣ ಹಾಕುವವನು ಕಾಂಪೌಂಡಿನ ಡಬ್ಬಿಯನ್ನು ತೆರೆಯಬೇಕಾಗುವುದೇ ಅಪರೂಪ.

ಒಂದು ಎಚ್ಚರಿಕೆ. ಈಗಿನ ಕ್ಲಿಯರ್ ಕೋಟನ್ನು ಗಟ್ಟಿಮಾಡಲು ಬೆರೆಸುವ ದ್ರವ್ಯಗಳಲ್ಲಿ ಐಸೋಸಯನೇಟ್ ಎಂಬುದು ಸಾಮಾನ್ಯ. ಪಿಚಕಾರಿಯಿಂದ ಹೊಡೆದಾಗ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಹಿಡಿಯಬಹುದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕಾರ್‌ಷೆಡ್ಡಿನಲ್ಲಿ ಮಾಡುವ ಕೆಲಸವಲ್ಲ ಅದು. ಉಜ್ಜುವುದು ಮನೆಯಲ್ಲಾಗಲಿ, ಹೊಡೆಯುವುದು ತಕ್ಕ ಸಲಕರಣೆಯುಳ್ಳವರಲ್ಲಾಗಲಿ.

ಇನ್ನು ಕ್ಯಾಸನೂರಿನ ಕತೆ ಉಳಿಯಿತು. ಅಂದು ಸಂಜೆ ದೊಡ್ಡಪ್ಪ ಶಿರಾಳಕೊಪ್ಪದಿಂದ ಮರಳಿದರು. ನಾನು ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಅವರು ಬಾನೆಟ್ಟನ್ನು ನೋಡಿದರು. ಹೊಳೆಯುತ್ತಿದ್ದ ನಡುಭಾಗವನ್ನೂ ನೋಡಿದರು, ಬೋಳಾದ ಏಣನ್ನೂ ನೋಡಿದರು.

“ತಪ್ಪಾಯ್ತು ದೊಡ್ಡಪ್ಪ” ಎಂದೆ.

“ಮಳೆ ಹಿಡಿಯುವುದರೊಳಗೆ ಅದಕ್ಕೆ ಬಣ್ಣ ಮುಟ್ಟಿಸು. ತುಕ್ಕು ಬಂದೀತು” ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದರು.

ಪೇಟೆಯಿಂದ ಕಪ್ಪು ಬಣ್ಣ ತಂದು ಮುಟ್ಟಿಸಿದೆ. ಕಪ್ಪಿನಲ್ಲಿ ಎಷ್ಟು ಬಗೆಯಿದೆಯೆಂದು ಆಗ ತಿಳಿಯಿತು. ಹಳೆಯ ಕಪ್ಪು ಬೇರೆ, ಹೊಸ ಕಪ್ಪು ಬೇರೆ. ಆ ಏಣಿನ ಪಟ್ಟೆ ಕೊನೆಯವರೆಗೂ ಎದ್ದು ಕಾಣುತ್ತಿತ್ತು. ದೊಡ್ಡಪ್ಪ ಅದನ್ನು ಮತ್ತೆ ಬಳಿಸಲೂ ಇಲ್ಲ, ಯಾರಿಗೂ ಅದರ ಕತೆ ಹೇಳಲೂ ಇಲ್ಲ. ಅವರು ಹೋದ ಮೇಲೆ ಕಾರು ಗುಜರಿಗೆ ಹೋಯಿತು. 2014ರಲ್ಲಿ ಅಂಬಾಸಿಡರಿನ ತಯಾರಿಕೆಯೇ ನಿಂತಿತೆಂದು ಪತ್ರಿಕೆಯಲ್ಲಿ ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಪಟ್ಟೆ.

ದೊಡ್ಡಮ್ಮನ ಒಂದು ಹಿತ್ತಾಳೆ ತಪ್ಪಲೆ ನಮ್ಮ ಪಾಲಿಗೆ ಬಂದಿದೆ. ನಮ್ಮ ಬೀದಿಗೆ ಈಗ ಕಲಾಯಿಯವನು ಬರುವುದಿಲ್ಲ. ಒಳಗಿನ ತವರ ಸವೆದು ಹೋದ ಮೇಲೆ ಮನೆಯವರು ಅದನ್ನು ಒಳಗೂ ಹೊರಗೂ ಚಿನ್ನದಂತೆ ಬೆಳಗಿ ಪಡಸಾಲೆಯ ಷೋಕೇಸಿನಲ್ಲಿ ಇಟ್ಟಿದ್ದಾರೆ. ಬಂದವರೆಲ್ಲ ಎಂಥ ಹೊಳಪು ಎಂದು ಮೆಚ್ಚುತ್ತಾರೆ. ಹುಳಿ ಕುದಿಸುವುದಕ್ಕೆ ಮಾತ್ರ ಅದು ಬಾರದು.